ಗಾಳಿಗೆ ಕಾದು ಕೂತ ಸಾಬಿರಾ

ಬೆಳಗಿನ ಜಾವ. ಕಂದಿಕೆರೆ ಕಡೆಯ ಹಟ್ಟಿಯೊಂದರಲ್ಲಿ ಕರಿಯಕ್ಕ ಎಂಬಾಕೆಯ ತೆಂಗಿನ ಮರಕ್ಕೆ ಒರಗಿ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಸಾಬಿರಾ ಕೂತಿದ್ದಾರೆ. ಮೇಲೆ ಒಂದು ಗರಿಯೂ ಅಲುಗುತ್ತಿಲ್ಲ. ವೈರ್‌ಲೆಸ್ ಕೆಲಸದವರೆಲ್ಲ ಬಯಸುವ ಹೊತ್ತು ಇದು: ತಂಪು, ಸಿಗ್ನಲ್ಲೂ ಚೊಕ್ಕ. ಸಾಬಿರಾ ಮಾತ್ರ ಹುಬ್ಬು ಗಂಟಿಕ್ಕಿಕೊಂಡು ಆಕಾಶ ನೋಡುತ್ತಾರೆ. ಅವರಿಗೆ ಬೇಕಾಗಿರುವುದು ಆಷಾಢದ ಗಾಳಿ.

“ಮೊದ್ಲು ನಾನೂ ಬೆಳಗ್ಗೆ ಬಂದು ಟೆಸ್ಟ್ ಮಾಡಿ, ಎಲ್ಲಾ ಸರಿಯಾಗೈತೆ ಅಂತ ಹೇಳಿ ಹೋಗ್ತಿದ್ದೆ ಕಣ್ರೀ. ಮಧ್ಯಾಹ್ನ ಗಾಳಿ ಎದ್ರೆ ಲೈನು ಮಲಗೋದು. ಸುಳ್ಳು ಹೇಳ್ದಂಗಾಯ್ತಲ್ಲ ಅಂತ ನಾಚ್ಕೆ ಆಗೋದು.”

ಚಿಕ್ಕನಾಯಕನಹಳ್ಳಿಯ ರೇಡಿಯೊ ಮೆಕ್ಯಾನಿಕ್ ದಸ್ತಗೀರ್ ಅವರ ಮಗಳು ಇವರು. ಅಪ್ಪನ ಅಂಗಡಿಯಲ್ಲಿ ಬೆಸುಗೆ ಹಾಕುತ್ತಲೇ ಬೆಳೆದವರು. ಹೆಣ್ಣುಮಗಳು ಕಂಬ ಹತ್ತುವುದಾ ಎಂದು ಓಣಿಯವರು ಆಡಿಕೊಂಡಾಗ, “ಹತ್ತೀನಿ, ನೀವು ಕೆಳಗೆ ನಿಂತು ಏಣಿ ಹಿಡ್ಕಳ್ಳಿ” ಎಂದವರು.

ಈಗ ಸಣ್ಣದೊಂದು ಇಂಟರ್ನೆಟ್ ಕಂಪನಿಯ ಕೆಲಸ. ಗುಡ್ಡದ ಮೇಲಿನ ಡಿಶ್ಶಿನಿಂದ ಹಟ್ಟಿಯ ಆರೋಗ್ಯ ಉಪಕೇಂದ್ರಕ್ಕೆ ವೈರ್‌ಲೆಸ್ ಲೈನು. ನರ್ಸ್ ಮಂಜುಶ್ರೀ ಬಸುರಿಯರನ್ನು ಪಟ್ಟಣದ ಡಾಕ್ಟರಮ್ಮನಿಗೆ ತೋರಿಸುವುದು ಅದರಲ್ಲೇ. ನಡುವೆ ಕರಿಯಕ್ಕನ ಮೂರು ಮರ. ಗಾಳಿಗೆ ಗರಿ ಅಡ್ಡ ಬಂದಾಗಲೆಲ್ಲ ಮಾತು ತುಂಡಾಗುತ್ತಿತ್ತು. ಎತ್ತರದ ಟವರ್ ಹಾಕಿ ಅಂದರೆ, ಒಂದು ಹಟ್ಟಿಗೆ ಅಷ್ಟೆಲ್ಲ ಆಗುವುದಿಲ್ಲ ಅಂದಿತು ಕಂಪನಿ. ಮರ ಕಡಿಸಿ, ಇಲ್ಲವಾದರೆ ಡಿಶ್ ಬಿಚ್ಚುತ್ತೇವೆ ಅಂತಲೂ ಅಂದಿತು.

ಫಲ ಬಿಡುವ ತೆಂಗನ್ನು ಕಡಿ ಅನ್ನಲು ಈ ಸೀಮೆಯಲ್ಲಿ ನಾಲಗೆಯಾದರೂ ಹೇಗೆ ಹೊರಳುತ್ತದೋ! ಕರಿಯಕ್ಕ ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದ ಮರಗಳವು. ಆಕೆಯ ಸೊಸೆಯೂ ಈಗ ತುಂಬು ಬಸುರಿ. “ಸೊಸೆನೂ ಬೇಕು, ಮರಾನೂ ಬೇಕು. ಯಾವ್ದನ್ ಬುಡ್ಲಿ ಹೇಳವ್ವ?” ಎಂದು ಆಕೆ ಕೇಳಿದಾಗ ಸಾಬಿರಾ, “ಎರಡನ್ನೂ ಬಿಡ್ಬೇಡ” ಎಂದರು. ಕಂಪನಿಯ ಮೇಲೆಯೇ ತಿರುಗಿಬಿದ್ದು ಈ ಆಷಾಢದವರೆಗೆ ವಾಯಿದೆ ಕಿತ್ತುಕೊಂಡರು.

ಇಂಟರ್ನೆಟ್ಟಿನ ಕೆಲಸ ಪದರ ಪದರವಾಗಿ ನಡೆಯುತ್ತದೆ. ಕೆಳಗಿನ ಪದರ ರೇಡಿಯೊ. ಎಷ್ಟು ವೇಗವಾಗಿ ಕಳಿಸಬೇಕೆಂದು ತೀರ್ಮಾನಿಸುವುದು ಮೇಲಿನದು. ಒಂದರ ಸುದ್ದಿಗೆ ಇನ್ನೊಂದು ಹೋಗಬಾರದೆಂಬುದು ಹಳೆಯ ಕಟ್ಟಳೆ. ಹಾಗಾಗಿ ಗರಿ ಅಡ್ಡ ಬಂದು ಮಾಹಿತಿಯ ನಾಲ್ಕು ತುಣುಕು ಕಳೆದುಹೋದರೆ, ದಾರಿಯೇ ಜಾಮ್ ಆಗಿದೆಯೆಂದು ಬೆದರಿ ಮೇಲಿನ ಪದರ ವೇಗ ಇಳಿಸಿಬಿಡುತ್ತದೆ.

“ಕುರಿ ಹಿಂಡು ಅಡ್ಡ ಬಂದ್ರೆ ಬಸ್ಸಿನೋನು ಒಂದ್ಗಳಿಗೆ ನಿಲ್ತಾನೆ. ತುರುವೇಕೆರೆಗೇ ವಾಪಸ್ ಹೋಯ್ತಾನೇನ್ರೀ?” ಎಂದು ಸಾಬಿರಾ ರೇಗುತ್ತಾರೆ.

ಮೊದಲ ಸಲ, ಏನೇ ಆದರೂ ವೇಗ ಇಳಿಸಬೇಡ ಎಂದು ಪ್ರೋಗ್ರಾಂ ಬರೆದರು. ಸಂಜೆ ಹಟ್ಟಿಯವರೆಲ್ಲ ಒಟ್ಟಿಗೆ ಅದೇ ಲೈನಿನಲ್ಲಿ ಫೋನ್ ಹಿಡಿದಾಗ ಲೈನು ಪೂರ್ತಿ ಕಟ್ಟಿಕೊಂಡಿತು, ಸಾಬಿರಾ ಬೈಗುಳ ತಿಂದರು. ಈಗ ಹೊಸದಾಗಿ ಬರೆದ ಪ್ರೋಗ್ರಾಂನಲ್ಲಿ ಎರಡು ಪದರಗಳೂ ಮಾತಾಡಿಕೊಳ್ಳುತ್ತವೆ. ಸಿಗ್ನಲ್ ಕುಗ್ಗಿದ್ದರೆ, ಗರಿ ಬಂದಿದೆ ತಾಳು ಎಂದು ರೇಡಿಯೊ ಮೇಲಕ್ಕೆ ಹೇಳುತ್ತದೆ. ಸಿಗ್ನಲ್ ಗಟ್ಟಿಯಿದ್ದೂ ತುಣುಕು ಕಳೆದರೆ ಅದು ನಿಜವಾದ ನೂಕುನುಗ್ಗಲು, ಆಗ ಮಾತ್ರ ವೇಗ ಇಳಿಯುತ್ತದೆ. ಕಂಪನಿಯ ಎಂಜಿನಿಯರ್ ಜ್ಞಾನೇಶ್ ಅದರಲ್ಲಿದ್ದ ತಪ್ಪು ತಿದ್ದಿಕೊಟ್ಟರು.

“ನಾನು ಕಂಡ್ಹಿಡಿದಿದ್ದಲ್ಲ. ಓದ್ದೋರು ಎಂದೋ ಬರ್ದಿಟ್ಟವ್ರೆ. ಹಟ್ಟಿ ತಂಕ ಯಾರೂ ತರ್ಲಿಲ್ಲ, ಅಷ್ಟೇ” ಅನ್ನುತ್ತಾರೆ ಸಾಬಿರಾ.

ಹೊತ್ತೇರುತ್ತಿದ್ದಂತೆ ಗಾಳಿ ಏಳುತ್ತದೆ. ಗರಿಗಳು ಒಂದಕ್ಕೊಂದು ಬಡಿದಾಡುತ್ತವೆ. ಉಪಕೇಂದ್ರದೊಳಗೆ ಕರಿಯಕ್ಕನ ಸೊಸೆ ಪರದೆಯ ಮುಂದೆ ಕೂತಿದ್ದಾಳೆ. ಡಾಕ್ಟರಮ್ಮನ ಮುಖ ಒಮ್ಮೆ ಮಸುಕಾಗಿ ಮತ್ತೆ ತಿಳಿಯಾಗುತ್ತದೆ. ಮಾತು ತುಂಡಾಗುವುದಿಲ್ಲ. ಊದಿದ ಕಾಲು ನೋಡಿ, ಮಂಜುಶ್ರೀ ಹೇಳಿದ ಬಿಪಿ ಕೇಳಿ ಅವರು, “ಕಾಯೋದು ಬೇಡ, ಈಗಲೇ ಕರ್ಕೊಂಡು ಬನ್ನಿ” ಎನ್ನುತ್ತಾರೆ.

ಆಟೋ ಬರುವಷ್ಟರಲ್ಲಿ ಕಂಪನಿಯ ಮೇಲಿನವರ ಫೋನು: ಒಂದು ದಿನ ನಡೆದರೆ ಸಾಲದು, ಮರ ಕಡಿಯುವವನನ್ನು ಕಳಿಸುತ್ತೇವೆ. “ಕಳ್ಸಿ. ಬುಡದಲ್ಲೇ ಕೂತಿರ್ತೀನಿ, ನನ್ನ ದಾಟಿ ಕೊಡಲಿ ಹಾಕ್ಲಿ” ಎಂದು ಸಾಬಿರಾ ಫೋನಿಡುತ್ತಾರೆ.

ಸೊಸೆಯನ್ನು ಆಟೋದಲ್ಲಿ ಕೂರಿಸಿ ತಾನೂ ಹತ್ತಿದ ಕರಿಯಕ್ಕ ಹೊರಗೆ ತಲೆ ಹಾಕಿ ಕೂಗುತ್ತಾಳೆ: “ಸಾಬಿರಮ್ಮ, ಮರ ನೋಡ್ಕಳವ್ವ!”

ನಿಮಗೇನು ಬೇಕು ಎಂದು ಕೇಳಿದರೆ ಸಾಬಿರಾ ಗರಿಗಳತ್ತ ಕತ್ತೆತ್ತುತ್ತಾರೆ. “ಗಾಳಿ ಇನ್ನೂ ಜೋರಾಗ್ ಬೀಸ್ಲಿ ಕಣ್ರೀ. ನಾನಂತೂ ಇಲ್ಲಿಂದ ಏಳಲ್ಲ.”