ಸರ್ವರಿನ ಪ್ಲಗ್ ಕಿತ್ತ ನರ್ಸಮ್ಮ

ಗೆಳೆಯರೇ, ಇವತ್ತು ಹರಪನಹಳ್ಳಿಯ ಆಸ್ಪತ್ರೆಯೊಂದರಲ್ಲಿ ನರ್ಸಮ್ಮನ ಮೇಲೆ ರೇಗಿಬಿಟ್ಟೆ. ಅಲ್ಲಿನ ಸಾಫ್ಟ್‌ವೇರ್ ನಾನು ಬರೆದದ್ದು. ಚೀಟಿ ಕೊಡುವಲ್ಲಿ, ಲ್ಯಾಬಿನಲ್ಲಿ, ಔಷಧದ ಕೌಂಟರಿನಲ್ಲಿ ಒಂದೊಂದು ಕಂಪ್ಯೂಟರ್ ಇದೆ. ಅವುಗಳಿಗೆ ಸ್ವಂತದ್ದು ಅಂತ ಏನೂ ಗೊತ್ತಿಲ್ಲ. ಡ್ರೆಸಿಂಗ್ ರೂಮಿನ ಮೂಲೆಯಲ್ಲಿರುವ ಸರ್ವರನ್ನು ಕೇಳಿಯೇ ಉತ್ತರ ಕೊಡಬೇಕು.

ಮಧ್ಯಾಹ್ನ ಕರೆಂಟು ಹೋಯಿತು. ಯುಪಿಎಸ್ ಇದ್ದದ್ದರಿಂದ ಪರದೆಗಳೇನೋ ಉರಿಯುತ್ತಿದ್ದವು, ಆದರೆ ಒಂದರಲ್ಲೂ ಉತ್ತರ ಬರಲಿಲ್ಲ. ಡ್ರೆಸಿಂಗ್ ರೂಮಿಗೆ ಓಡಿದೆ. ಯುಪಿಎಸ್ಸಿನಿಂದ ಸರ್ವರಿನ ಪ್ಲಗ್ ಕಿತ್ತು, ಆ ಜಾಗದಲ್ಲಿ ನರ್ಸಮ್ಮ ಉಸಿರಿಗೆ ಔಷಧದ ಹಬೆ ಕೊಡುವ ನೆಬ್ಯುಲೈಜರ್ ಹಾಕಿದ್ದರು. ಚಿಗಟೇರಿಯಿಂದ ಬಂದಿದ್ದ ಅಜ್ಜಿಯೊಬ್ಬರು ಅದರ ಮಾಸ್ಕ್ ಹಿಡಿದುಕೊಂಡು ಏದುಸಿರು ಬಿಡುತ್ತಿದ್ದರು.

“ಇದನ್ನ ತೆಗದ್ರ ಎಲ್ಲಾ ನಿಲ್ತಾವ ಅಂತ ಹೇಳಿದ್ದಿಲ್ಲೇನ್ರಿ?” ಎಂದೆ.

“ಹೇಳಿದ್ರಿ ಸರ್. ಅವು ನಿಂತ್ರ ಮತ್ತ ಚಾಲೂ ಮಾಡಬೌದು. ಅಜ್ಜಿ ಉಸಿರು ನಿಂತ್ರ ಏನ್ ಮಾಡೋದು?” ಎಂದರು ನರ್ಸಮ್ಮ.

ಸ್ಟೂಲ್ ಎಳೆದುಕೊಂಡು ಅಜ್ಜಿಯ ಪಕ್ಕ ಕೂತೆ. ಅಜ್ಜಿಯ ಉಸಿರು ಹದಕ್ಕೆ ಬಂದ ಮೇಲೆಯೇ ಸರ್ವರ್ ಚಾಲೂ ಮಾಡಿದೆ. ಅರ್ಧಕ್ಕೆ ನಿಂತಿದ್ದ ಚೀಟಿಗಳನ್ನು ಮತ್ತೆ ತುಂಬಿದರಾಯಿತು, ಅಷ್ಟೇ.

ಯಾರು ಕೇಳಿದ್ದಕ್ಕೆ ಮೊದಲು ಉತ್ತರ ಕೊಡಬೇಕೆಂದು ಆ ಸರ್ವರಿಗೆ ಕಲಿಸಿದವನು ನಾನೇ. ನಾನು ಬರೆದ ಆ ಸರತಿಯ ಸಾಲಿನಲ್ಲಿ ಅಜ್ಜಿ ಇರಲೇ ಇಲ್ಲ.