ಕೇಳಿದ್ದಕ್ಕೆ ಉತ್ತರ ಕೊಟ್ಟೆ, ಅಷ್ಟೇ

ಹೋದ ವಾರ ನಮ್ಮ ಮನೆಗೆ ಒಬ್ಬರು ಬಂದಿದ್ದರು. ನನ್ನ ದನಿಯನ್ನು ಅಳಿಸಿಹಾಕಿ ಎಂದು ಕೇಳಲು.

ಯಾವ ದನಿ? ಹೇಳುತ್ತೇನೆ. ನನ್ನ ಮೊಮ್ಮಗಳು ಪವಿತ್ರಾ ಡಾಕ್ಯುಮೆಂಟರಿ ಮಾಡುತ್ತಿದ್ದಾಳೆ. (ಹೌದು, ನನ್ನ ಮೊಮ್ಮಗಳೇ. ಇದನ್ನು ಇನ್ನೂ ಹತ್ತು ಸಲ ಹೇಳುವವಳಿದ್ದೇನೆ, ಸಹಿಸಿಕೊಳ್ಳಿ.) ರಾಜಕೀಯ ಪಕ್ಷಗಳ ಸಮಾವೇಶದ ಮೇಲೆ. ಈ ಪಕ್ಷ ಆ ಪಕ್ಷ ಅಂತಿಲ್ಲ, ಎಲ್ಲರದ್ದಕ್ಕೂ ಹೋಗುತ್ತಾಳೆ. ಟಿವಿಯವರು ವೇದಿಕೆಯ ಕಡೆ ಕ್ಯಾಮೆರಾ ಇಟ್ಟರೆ ಇವಳು ವೇದಿಕೆಗೆ ಬೆನ್ನು ಮಾಡಿ ನಿಲ್ಲುತ್ತಾಳೆ. ಕುಂತು ಕೇಳುವವರ ಮುಖ ಬೇಕಂತೆ ಅವಳಿಗೆ.

ಕುಂದಗೋಳದ ಸಮಾವೇಶಕ್ಕೆ ನಮ್ಮ ಓಣಿಯ ಹೆಂಗಸರನ್ನೆಲ್ಲ ಟಂಟಂ ಆಟೋದಲ್ಲಿ ಕರೆದೊಯ್ದರು. ಓಡಿಸಿದವನು ನನ್ನ ಮಗ. ನಾನೂ ಹತ್ತಿದೆ. ಪೆಂಡಾಲಿನಲ್ಲಿ ಪವಿತ್ರಾ ಹುಣಸೆಬೀಜದಷ್ಟು ಮೈಕೊಂದನ್ನು ನನ್ನ ಸೆರಗಿಗೆ ಸಿಕ್ಕಿಸಿ, ಕ್ಯಾಮೆರಾ ಹಿಡಿದು ದೂರ ಹೋದಳು. ಆ ಮೈಕು ಇರುವುದನ್ನೇ ನಾನು ಮರೆತೆ.

ದೊಡ್ಡ ನಾಯಕರು ಬಂದರು. ಭಾಷಣ ಅಂದರೆ ಬರೀ ಪ್ರಶ್ನೆ. ನಾನು ಕಲಿತದ್ದು ನಾಲ್ಕನೇ ಇಯತ್ತೆ. ಪ್ರಶ್ನೆ ಕೇಳಿದರೆ ಬಾಯಿ ಮುಚ್ಚಿ ಕೂಡಬಾರದು ಎಂದು ನಮ್ಮ ಮಾಸ್ತರರು ಕಲಿಸಿದ್ದರು. ಅದೊಂದು ಪಾಠ ಮರೆತಿಲ್ಲ. ಉತ್ತರ ಕೊಟ್ಟೆ. ತಪ್ಪೇ?

ಮನೆಮನೆಗೆ ನಳ ಬಂತೋ ಇಲ್ಲವೋ ಎಂದರು. ಸುತ್ತಲಿನವರೆಲ್ಲ ಬಂತು ಎಂದು ಕೂಗಿದರು.

"ನಳಾ ಬಂದೈತ್ರಿ. ನೀರು ಬಂದಿಲ್ಲ" ಅಂದೆ ನಾನು.

ರಸ್ತೆ ಆಯಿತೋ ಇಲ್ಲವೋ?

"ಆಗೈತ್ರಿ, ನಿನ್ನಿ. ನೀವು ಬರತೀರಂತ."

ನಾನು ನಿಮ್ಮ ಮನೆಮಗ ಹೌದೋ ಅಲ್ಲವೋ?

"ಅಲ್ರಿ. ನನ್ನ ಮಗ ಹೊರಗ ಟಂಟಂದಾಗ ಮಕ್ಕೊಂಡಾನ."

ಆ ಗದ್ದಲದಲ್ಲಿ ನನ್ನ ಮಾತು ಬಾಜು ಕುಂತವಳಿಗೂ ಕೇಳಿಸಲಿಲ್ಲ. ಮೈಕಿಗೆ ಕೇಳಿಸಿತ್ತು! ಈಗ ಚಿತ್ರದಲ್ಲಿ ನಾಯಕರು ಕೇಳುತ್ತಾರೆ, ನಾನು ಹೇಳುತ್ತೇನೆ. ಇಬ್ಬರೇ ಕಟ್ಟೆಯ ಮೇಲೆ ಕುಂತು ಮಾತಾಡಿದ ಹಾಗೆ. ಮೊದಲ ಸಲ ನೋಡಿದಾಗ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. (ನಳದಲ್ಲಿ ಬರದಿದ್ದರೇನಂತೆ.)

ಸುದ್ದಿ ಹೇಗೋ ಹೊರಬಿತ್ತು. ನಮ್ಮೂರಲ್ಲಿ ಆ ನಾಯಕರ ಪಕ್ಷದ ಮುಖಂಡನಾದ ಶೇಖಪ್ಪ ಬಂದ. ಚಹಾ ಕುಡಿದ. ಚಿತ್ರ ಇರಲಿ, ಈ ದೊಡ್ಡವ್ವನ ಮಾತಿದ್ದಲ್ಲೆಲ್ಲ ಚಪ್ಪಾಳೆ ಸದ್ದು ಹಾಕಿಬಿಡಿ ಅಂದ. ಹಾಕದಿದ್ದರೆ? ತಮ್ಮ ಪಕ್ಷದ ಯಾವ ಸಮಾವೇಶದೊಳಗೂ ಈ ಹುಡುಗಿಯ ಕ್ಯಾಮೆರಾ ಬಿಡುವುದಿಲ್ಲವಂತೆ. ಚಿತ್ರ ಇನ್ನೂ ಅರ್ಧ ಬಾಕಿ ಇದೆ. ಪವಿತ್ರಾಳ ಮುಖ ಸಣ್ಣದಾಯಿತು.

"ಆಯಿ, ದನಿ ನಿಂದು. ತಗಿ ಅಂದ್ರ ತಗೀತೇನಿ" ಅಂದಳು.

ನಾನು ಶೇಖಪ್ಪನ ಕಡೆ ತಿರುಗಿದೆ. "ಅಂಗಳದಾಗ ನಳಾ ಐತಲ್ಲ ತಮ್ಮಾ, ತಿರುವು ನೋಡೂಣು. ನೀರು ಬಂದ್ರ ಈಗಿಂದೀಗ ನನ್ನ ದನಿ ತಗಸ್ತೇನಿ."

ಅವನು ನಳದ ಬಾಜುವೇ ಹಾದು ಹೋದ. ಮುಟ್ಟಲಿಲ್ಲ.

ರವಿವಾರ ಹೊತ್ತು ಮುಳುಗಿದ ಮೇಲೆ ನಮ್ಮ ಮನೆಯ ಗೋಡೆಯ ಮೇಲೆಯೇ ಆಗಿರುವಷ್ಟು ಚಿತ್ರ ಹಾಕಿದೆವು. ಅಂದು ಟಂಟಂ ಹತ್ತಿದ್ದ ಹೆಂಗಸರೆಲ್ಲ ಬಂದಿದ್ದರು. ಗೋಡೆಯ ಮೇಲಿನ ನಾಯಕರು ಬಂತೋ ಇಲ್ಲವೋ ಎಂದು ಕೇಳಿದ್ದೇ ತಡ, ನನ್ನ ದನಿ ಬರುವ ಮೊದಲೇ ಇಡೀ ಓಣಿ ಇಲ್ಲ ಅಂದಿತು. ಎಲ್ಲರಿಗಿಂತ ಜೋರಾಗಿ ಕೂಗಿದವಳು ಯಾರು ಗೊತ್ತೇ? ಶೇಖಪ್ಪನ ಹೆಂಡತಿ. ಅವರ ಮನೆಯ ನಳವೂ ನಮ್ಮ ನಳದಂಥದ್ದೇ.

ಮುಂದಿನ ಸಮಾವೇಶದಲ್ಲಿ ನನ್ನ ಮೊಮ್ಮಗಳನ್ನು ತಡೆಯುತ್ತಾರಂತೆ. ತಡೆಯಲಿ. ಕ್ಯಾಮೆರಾ ರಸ್ತೆಯಲ್ಲಿ ನಿಲ್ಲುತ್ತದೆ, ಮೈಕು ಒಳಗೆ ಹೋಗುತ್ತದೆ. ಸಿಕ್ಕಿಸಲು ನಮ್ಮ ಓಣಿಯಲ್ಲಿ ಸೆರಗಿಗೇನು ಬರವೇ?

ಅಷ್ಟಕ್ಕೂ, ಉತ್ತರ ಬೇಡವಾಗಿದ್ದರೆ ಅಷ್ಟು ದೊಡ್ಡ ಮೈಕು ಹಿಡಿದು ನಮ್ಮನ್ನು ಕೇಳಿದ್ದೇಕೆ?