ಅವ್ವನಿಗೆ ತಿಳಿಯದ ಭಾಷಣ

ಸಕಲೇಶಪುರದ ಹೈಸ್ಕೂಲಿನಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರು ಶುಕ್ರವಾರದ ಕೊನೆಯ ಪೀರಿಯಡ್ಡಿನಲ್ಲಿ ಪಾಠ ಮಾಡುತ್ತಿರಲಿಲ್ಲ. ಪುಸ್ತಕ ಮುಚ್ಚಿಸಿ ಚರ್ಚೆಗೆ ಕೂರಿಸುತ್ತಿದ್ದರು. ವರದಕ್ಷಿಣೆ ಸರಿಯೇ? ಹೋಟೆಲಿನಲ್ಲಿ ಕೆಲವರಿಗೆ ಮಾತ್ರ ಬೇರೆ ಲೋಟ ಏಕೆ? ವಿಧವೆ ಮತ್ತೆ ಮದುವೆಯಾದರೆ ತಪ್ಪೇನು? ಅರವತ್ತರ ದಶಕದ ಮೊದಲ ವರ್ಷಗಳು ಅವು. ಇಂಥ ಮಾತನ್ನು ಮನೆಯಲ್ಲಿ ಕನ್ನಡದಲ್ಲಿ ಆಡಿದ್ದರೆ ಕೆನ್ನೆ ಊದಿಕೊಳ್ಳುತ್ತಿತ್ತು. ಇಲ್ಲಿ ಇಂಗ್ಲಿಷಿನಲ್ಲಿ ಆಡಿದರೆ ಮೇಷ್ಟ್ರು "ಗುಡ್" ಎನ್ನುತ್ತಿದ್ದರು. ನಾವೆಲ್ಲ ವಾರಕ್ಕೊಮ್ಮೆ ಮಹಾ ಸುಧಾರಕರಾಗಿ, ಗಂಟೆ ಹೊಡೆದ ಕೂಡಲೇ ಬಾಯಿ ಮುಚ್ಚಿಕೊಂಡು ಮನೆಗೆ ಹೋಗುತ್ತಿದ್ದೆವು.

ನಾನು ಮಗ್ಗೆ ಎಂಬ ಹಳ್ಳಿಯವಳು, ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದೆ. ನನ್ನ ಪಕ್ಕ ಕೂರುತ್ತಿದ್ದವಳು ಮಾರನಹಳ್ಳಿ ಕಡೆಯ ಎಸ್ಟೇಟಿನ ಹುಡುಗಿ. ಎಸ್ಟೇಟು ಅವಳದಲ್ಲ; ಅಲ್ಲಿನ ಕೂಲಿಯವರ ಸಾಲುಮನೆಗಳಲ್ಲಿ, ಅಂದರೆ ಲೈನಿನಲ್ಲಿ, ಒಂದು ಕೋಣೆ ಅವಳ ಅವ್ವನಿಗೆ ಕೊಟ್ಟಿದ್ದರು. ಅಪ್ಪ ಇರಲಿಲ್ಲ. ಕಾಫಿ ಕುಯ್ದು ಕುಯ್ದೇ ಆ ಅವ್ವ ಮಗಳನ್ನು ಒಂಬತ್ತನೇ ಕ್ಲಾಸಿನವರೆಗೆ ತಂದಿದ್ದಳು. ಲೈನಿನ ಬೇರೆ ಹುಡುಗಿಯರು ಅಷ್ಟು ಹೊತ್ತಿಗೆ ಸೊಂಟಕ್ಕೆ ಬುಟ್ಟಿ ಕಟ್ಟಿಕೊಂಡಾಗಿತ್ತು. ಇವಳಿಗೆ ಟೀಚರ್ ಆಗುವ ಆಸೆ, ಅದೂ ಇಂಗ್ಲಿಷ್ ಟೀಚರ್! ನನಗೆ ನಗು ಬರುತ್ತಿತ್ತು, ಹೊಟ್ಟೆಕಿಚ್ಚೂ ಆಗುತ್ತಿತ್ತು. ಅವಳ ಬಾಯಲ್ಲಿ ಆ ಭಾಷೆ ಅಷ್ಟು ಸಲೀಸಾಗಿ ಬರುತ್ತಿತ್ತು.

ಹೆಣ್ಣುಮಕ್ಕಳು ಎಲ್ಲಿಯವರೆಗೆ ಓದಬೇಕು ಎಂಬ ಚರ್ಚೆಯಲ್ಲಿ ಅವಳು ಮಾತಾಡಿದ್ದು ಕೇಳಿ ಮೇಷ್ಟ್ರು ಕುರ್ಚಿ ಬಿಟ್ಟು ಎದ್ದು ನಿಂತರು. ಅದನ್ನೇ ಶಾಲಾ ವಾರ್ಷಿಕೋತ್ಸವದಲ್ಲೂ ಹೇಳಿಸಿದರು. ಮುಂದಿನ ಸಾಲಿನಲ್ಲಿ ಅವಳ ಎಸ್ಟೇಟಿನ ಸಾಹುಕಾರರು, ಪಕ್ಕದಲ್ಲಿ ಅವರ ಹೆಂಡತಿ. ಎಲ್ಲರಿಗಿಂತ ಹಿಂದೆ ಅವ್ವ ಗೋಡೆಗೊರಗಿ ಕೂತಿದ್ದಳು. ನನ್ನನ್ನು ಓದಿನಿಂದ ಬಿಡಿಸಬೇಡಿ, ಎಸ್ಸೆಸ್ಸೆಲ್ಸಿ ಮುಗಿಸಿ ಕಾಲೇಜಿಗೂ ಹೋಗುತ್ತೇನೆ, ಮುಂದೆ ನಮ್ಮ ಲೈನಿನ ಮಕ್ಕಳಿಗೆ ನಾನೇ ಕಲಿಸುತ್ತೇನೆ ಎಂದು ಹುಡುಗಿ ಇಂಗ್ಲಿಷಿನಲ್ಲಿ ಒಂದು ಕಡೆಯೂ ತಡವರಿಸದೆ ಹೇಳಿದಳು. ಚಪ್ಪಾಳೆ ನಿಲ್ಲಲೇ ಇಲ್ಲ.

ಎಲ್ಲ ಮುಗಿದ ಮೇಲೆ ಸಾಹುಕಾರರ ಹೆಂಡತಿ ಅವಳ ಗಲ್ಲ ಹಿಡಿದು, ಅವ್ವನ ಕಡೆ ತಿರುಗಿ, "ಎಷ್ಟು ಚೆನ್ನಾಗಿ ಇಂಗ್ಲಿಷ್ ಮಾತಾಡ್ತಾಳೆ! ನಾಳೆಯಿಂದ ಬಂಗ್ಲೆಗೆ ಕಳ್ಸು. ನಮ್ಮ ಮಕ್ಕಳನ್ನ ನೋಡ್ಕೊಂಡು, ಅವ್ರ ಹತ್ರ ಇಂಗ್ಲಿಷಲ್ಲೇ ಮಾತಾಡ್ಕೊಂಡಿರ್ಲಿ" ಎಂದರು. ಅವ್ವ ಕೈಮುಗಿದು ಒಪ್ಪಿಬಿಟ್ಟಳು. ಸಾಹುಕಾರರ ಹೆಂಡತಿಗೆ ಇಂಗ್ಲಿಷ್ ಬರುತ್ತಿರಲಿಲ್ಲ ಎಂದಲ್ಲ, ಮೈಸೂರಿನಲ್ಲಿ ಕಾನ್ವೆಂಟಿನಲ್ಲಿ ಓದಿದವರು. ಹುಡುಗಿಯ ಪ್ರತಿ ಮಾತೂ ಅವರಿಗೆ ತಿಳಿದಿತ್ತು. ಇವತ್ತು ನೆನೆದರೂ ನನಗೆ ಮೈ ಉರಿಯುತ್ತದೆ.

ಮರುವಾರ ನನ್ನ ಪಕ್ಕದ ಜಾಗ ಖಾಲಿಯಿತ್ತು. ಭಾನುವಾರ ಮೇಷ್ಟ್ರು ನನ್ನನ್ನೂ ಇನ್ನಿಬ್ಬರು ಹುಡುಗಿಯರನ್ನೂ ಬಸ್ಸು ಹತ್ತಿಸಿಕೊಂಡು ಲೈನಿಗೆ ಹೋದರು. ಬಂಗಲೆಯಿಂದ ಬಿಡುವು ಸಿಕ್ಕಿ ಅವಳೂ ಮನೆಯಲ್ಲಿದ್ದಳು. ನಮ್ಮನ್ನು ಕಂಡು ಒಲೆಯ ಮುಂದೆ ಹೋಗಿ ಕೂತಳು. ಅವ್ವ ಮಾತ್ರ ಸಂಭ್ರಮದಿಂದ ಮೇಷ್ಟ್ರ ಕಾಲಿಗೆ ಬಿದ್ದಳು.

"ನೀವು ಕಲ್ಸಿದ್ದು ಸಾರ್ಥಕ ಆಗ್ಬುಡ್ತು ಮೇಷ್ಟ್ರೇ. ನನ್ನಂಗೆ ಮಳೇಲಿ ನೆನೆಯಾದು ತಪ್ತು. ಓದಿ ಬಂಗ್ಲೆ ಸೇರ್ಬುಟ್ಲು."

ಮೇಷ್ಟ್ರು ಮೆಲ್ಲಗೆ ಕೇಳಿದರು, "ಅವಳು ಆವತ್ತು ಏನು ಹೇಳಿದ್ಲು ಅಂತ ಗೊತ್ತೇನಮ್ಮ?"

"ನಂಗೆಲ್ಲಿ ತಿಳೀತದೆ? ದೊಡ್ಡೋರೆಲ್ಲ ಚಪ್ಪಾಳೆ ತಟ್ಟಿದ್ರಲ್ಲ, ಒಳ್ಳೇದೇ ಹೇಳಿರ್ತಾಳೆ."

ಮೇಷ್ಟ್ರು ಆ ಭಾಷಣವನ್ನು ಕನ್ನಡದಲ್ಲಿ ಹೇಳಿದರು. ಕೇಳುತ್ತ ಕೇಳುತ್ತ ಅವ್ವನ ಮುಖ ಇಳಿಯಿತು. ಬಂಗಲೆಯೊಳಗೆ ಕಾಲಿಡುವುದೇ ಓದಿನ ಫಲ ಎಂದು ನಂಬಿದ್ದವಳು ಅವಳು. ಅದರಿಂದಾಚೆಗೂ ಏನೋ ಉಂಟು ಎಂದು ಯಾರೂ ಅವಳಿಗೆ ಹೇಳಿರಲಿಲ್ಲ.

"ಇನ್ನೂ ಓದಾದು ಐತಾ?" ಎಂದಳು. ಆಮೇಲೆ, "ಅಮ್ಮಾವ್ರಿಗೆ ಮಾತು ಕೊಟ್ಬುಟ್ಟಿವ್ನಲ್ಲ. ಅವ್ರ ಲೈನ್‌ನಾಗೆ ಇದ್ಕಂಡು ಈಗ ಬ್ಯಾಡ ಅನ್ನಾಕಾಯ್ತದಾ ಮೇಷ್ಟ್ರೇ?"

ಅವ್ವ ಒಲೆಯ ಕಡೆ ತಿರುಗಿ, "ಅಲ್ಲ ಕಣೇ, ಇದ್ನ ನಂಗ್ಯಾಕೆ ಹೇಳ್ಲಿಲ್ಲ ನೀನು?" ಎಂದು ಕೇಳಿದಳು.

"ನೀನೂ ಅಲ್ಲೇ ಕುಂತು ಕೇಳ್ತಿದ್ದಲ್ಲವ್ವ" ಎಂದಳು ಅವಳು.